ಸಹಿಯೂ ಸಮಾಚಾರವೂ: ರಾಜಕಾರಣಿಗಳ ಮತ್ತು ಚಿತ್ರನಟರ ಪತ್ರವ್ಯವಹಾರದ ಸಂಗ್ರಹವನ್ನು ಕುರಿತು

ಪೀಠಿಕೆ

ಕೆಲವು ವರ್ಷಗಳ ಹಿಂದೆ ನನ್ನ ಪರಿಚಯದ ಹಿರಿಯರೊಬ್ಬರು, ಇತಿಹಾಸದ ಅಧ್ಯಾಪಕನೆಂಬ ಅಭಿಮಾನದಿಂದ, ತಮ್ಮ ಹಸ್ತಾಕ್ಷರ ಸಂಗ್ರಹವನ್ನು ನನಗೆ ತೋರಿಸಿದರು. ದಪ್ಪ ರಟ್ಟಿನ ಪುಸ್ತಕ. ಎಡಪುಟಗಳಲ್ಲಿ ಮಂತ್ರಿಗಳು ಮತ್ತು ಶಾಸಕರು, ಬಲಪುಟಗಳಲ್ಲಿ ಚಿತ್ರನಟರು ಮತ್ತು ನಟಿಯರು. ಪ್ರತಿಯೊಂದು ಸಹಿಯನ್ನೂ ಅದಿದ್ದ ಕಾಗದದಿಂದ ಕತ್ತರಿಸಿ ತೆಗೆದು, ಅಂಟಿನಿಂದ ಅಂಟಿಸಿ, ಕೆಳಗೆ ದುಂಡಾದ ಅಕ್ಷರದಲ್ಲಿ ಹೆಸರು ಬರೆದಿದ್ದರು. ಒಂದು ಚೂರು ಮಾತ್ರ ಅಂಟು ಬಿಟ್ಟು ಸಡಿಲವಾಗಿತ್ತು. ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಪತ್ರದ ಎರಡು ಸಾಲುಗಳ ತುಂಡು ಉಳಿದಿದ್ದಿತು. ನಟರೊಬ್ಬರು ಯಾರೋ ಅಧಿಕಾರಸ್ಥರಿಗೆ, ಅವರು ಹೇಳಿಕಳುಹಿಸಿದ ವಿಷಯವೊಂದಕ್ಕೆ ತಾವು ಒಪ್ಪಲಾರೆವೆಂದು ಬರೆಯುತ್ತಿದ್ದಂತೆ ಅದರಿಂದ ತೋರುತ್ತಿತ್ತು. ವಿಷಯ ಯಾವುದು, ಪತ್ರ ಯಾರಿಗೆ, ಯಾವ ವರ್ಷದ್ದು ಎಂಬುದು ಕತ್ತರಿಯ ಪಾಲಾಗಿತ್ತು. ಉಳಿದ ಕಾಗದ ಏನಾಯಿತೆಂದು ವಿಚಾರಿಸಿದೆ. “ಅದರಲ್ಲೇನಿತ್ತು ಮೇಷ್ಟ್ರೇ, ಬರೀ ಸಮಾಚಾರ” ಎಂದರು.

ಆ ಹಿರಿಯರಲ್ಲಿ ದೋಷವೆಣಿಸುವುದು ನನ್ನ ಉದ್ದೇಶವಲ್ಲ. ಅವರು ಕಾಪಾಡದಿದ್ದರೆ ಆ ಚೂರೂ ಉಳಿಯುತ್ತಿರಲಿಲ್ಲ. ಆದರೆ ಹಸ್ತಾಕ್ಷರ ಸಂಗ್ರಹವೆಂಬ ಹವ್ಯಾಸದಲ್ಲಿ ಅಡಗಿರುವ ಒಂದು ಮೂಲ ಪ್ರಶ್ನೆಯನ್ನು ಅವರ ಮಾತು ಹೊರಗೆಡಹಿತು. ಸಂಗ್ರಾಹಕನಿಗೆ ಬೇಕಾದದ್ದು ಸಹಿ. ಇತಿಹಾಸದ ಅಭ್ಯಾಸಿಗೆ ಬೇಕಾದದ್ದು ಸಮಾಚಾರ. ಇವೆರಡೂ ಒಂದೇ ಕಾಗದದ ಮೇಲಿರುವುದರಿಂದ ಒಬ್ಬನ ಆಸೆ ಮತ್ತೊಬ್ಬನ ಆಧಾರವನ್ನು ಉಳಿಸಲೂ ಬಲ್ಲುದು, ಅಳಿಸಲೂ ಬಲ್ಲುದು. ರಾಜಕಾರಣಿಗಳಿಗೂ ಚಿತ್ರನಟರಿಗೂ ನಡುವೆ ನಡೆದ ಪತ್ರವ್ಯವಹಾರವನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಸಹಿಯ ಬೆಲೆ ಸಹಿಯಲ್ಲಿಲ್ಲ, ಅದನ್ನು ಸುತ್ತುವರಿದ ಸಾಮಾನ್ಯ ವಿವರಗಳಲ್ಲಿದೆ ಎಂಬುದೇ ಇಲ್ಲಿ ಪ್ರತಿಪಾದಿಸಿರುವ ಮಾತು.

ಇಂಥ ಪತ್ರಗಳು ಏಕೆ ಹುಟ್ಟುತ್ತವೆ

ಅಧಿಕಾರಕ್ಕೂ ಜನಪ್ರಿಯತೆಗೂ ಪರಸ್ಪರ ಅಗತ್ಯವುಂಟು. ರಾಜಕಾರಣಿಗೆ ಜನಸ್ತೋಮ ಬೇಕು. ಅದನ್ನು ಕರೆತರುವ ಶಕ್ತಿ ನಟನಿಗಿದೆ. ನಟನಿಗೆ, ಅವನ ಉದ್ಯಮಕ್ಕೆ, ಸರ್ಕಾರದ ಕೃಪೆ ಬೇಕು. ಚಿತ್ರಪರಿಶೀಲನೆ, ಮನರಂಜನಾ ತೆರಿಗೆ, ವಿದೇಶದಿಂದ ಬರುವ ಕಚ್ಚಾ ಫಿಲ್ಮಿನ ಪರವಾನಗಿ, ಚಿತ್ರಮಂದಿರದ ಅನುಮತಿ ಮೊದಲಾದುವೆಲ್ಲ ನಮ್ಮ ದೇಶದಲ್ಲಿ ಸರ್ಕಾರದ ಕೈಯಲ್ಲಿದ್ದ ವಿಷಯಗಳು. ಆದುದರಿಂದ ಈ ಎರಡು ವರ್ಗಗಳ ನಡುವಣ ಪತ್ರಗಳಲ್ಲಿ ಕುಶಲಪ್ರಶ್ನೆ, ಅಭಿನಂದನೆ, ಕೃತಜ್ಞತೆಗಳ ಹಿಂದೆ ಅನೇಕ ವೇಳೆ ಒಂದು ಬೇಡಿಕೆಯೋ ಒಂದು ನಿರಾಕರಣೆಯೋ ಇರುತ್ತದೆ. ಸಾರ್ವಜನಿಕ ಸಭೆಯಲ್ಲಿ ಹಾರ ಹಾಕುವಾಗ ಆಡದ ಮಾತನ್ನು ಪತ್ರದಲ್ಲಿ ಬರೆಯುತ್ತಾರೆ. ಚರಿತ್ರಕಾರನಿಗೆ ಇವು ಅಮೂಲ್ಯವಾಗುವುದು ಈ ಕಾರಣದಿಂದ.

ಈ ಬಗೆಯ ಪತ್ರಗಳ ಸಂಗ್ರಹ, ಮಾರಾಟ, ವಂಚನೆ, ಪರೀಕ್ಷೆ ಇವೆಲ್ಲವೂ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ವಿಶೇಷವಾಗಿ ಬೆಳೆದಿವೆ. ಅವುಗಳ ದಾಖಲೆಯೂ ಅಲ್ಲಿ ಚೆನ್ನಾಗಿ ದೊರೆಯುತ್ತದೆ. ಆದುದರಿಂದ ಮೊದಲು ಆ ದೇಶದ ಕೆಲವು ಪ್ರಸಂಗಗಳನ್ನು ನೋಡಿ, ಬಳಿಕ ನಮ್ಮ ಕಡೆಗೆ ಬರುವುದು ಯುಕ್ತವಾಗಿದೆ.

ಒಂದು ಪೂರ್ಣ ಕಡತ

೧೯೭೦ನೆಯ ಇಸವಿ ಡಿಸೆಂಬರ್ ೨೧ರ ಬೆಳಗಿನ ಜಾವ ಗಾಯಕ ಎಲ್ವಿಸ್ ಪ್ರೆಸ್ಲಿ ವಾಷಿಂಗ್ಟನ್ನಿನ ಶ್ವೇತಭವನದ ಬಾಗಿಲಿಗೆ ಬಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ನರಿಗೆ ಒಂದು ಪತ್ರವನ್ನು ಕೊಟ್ಟು ಹೋದನು. ಪ್ರೆಸ್ಲಿಯನ್ನು ನಾವು ಗಾಯಕನೆಂದೇ ಬಲ್ಲೆವಾದರೂ ೧೯೫೬ರಿಂದ ೧೯೬೯ರವರೆಗೆ ಆತ ೩೧ ಕಥಾಚಿತ್ರಗಳಲ್ಲಿ ಅಭಿನಯಿಸಿದ್ದನೆಂಬುದನ್ನು ನೆನೆಯಬೇಕು. ಪತ್ರವನ್ನು ಆತ ಲಾಸ್ ಏಂಜಲಿಸಿನಿಂದ ಬರುವಾಗ ವಿಮಾನದಲ್ಲಿ, ಆ ವಿಮಾನ ಸಂಸ್ಥೆಯ ಕಾಗದದ ಮೇಲೆಯೇ, ಸ್ವಹಸ್ತದಿಂದ ಬರೆದಿದ್ದನು. ಮಾದಕ ವಸ್ತುಗಳ ಪಿಡುಗನ್ನು ತಡೆಯುವುದರಲ್ಲಿ ಸರ್ಕಾರಕ್ಕೆ ನೆರವಾಗಬಲ್ಲೆನೆಂದೂ, ತನಗೆ ಕೇಂದ್ರ ಸರ್ಕಾರದ ಪ್ರತಿನಿಧಿಯೆಂಬ ಅಧಿಕಾರಚಿಹ್ನೆ ಬೇಕೆಂದೂ ಅದರ ಸಾರಾಂಶ. ತಾನು ಯಾವ ಹೋಟೆಲಿನ ಯಾವ ಕೋಣೆಗಳಲ್ಲಿ, ಯಾವ ಮರೆಹೆಸರಿನಲ್ಲಿ ಇಳಿದುಕೊಂಡಿರುವೆನೆಂಬುದನ್ನೂ ತಿಳಿಸಿದ್ದನು. ಅದೇ ದಿನ ಮಧ್ಯಾಹ್ನ ಭೇಟಿ ನಡೆಯಿತು. ಪ್ರೆಸ್ಲಿ ಅಧ್ಯಕ್ಷರಿಗೆ ಒಂದು ಕೋಲ್ಟ್ ಪಿಸ್ತೂಲನ್ನು ಕಾಣಿಕೆ ತಂದಿದ್ದನು. ತಾನು ಬಯಸಿದ ಬಿಲ್ಲೆಯನ್ನು ಪಡೆದು ಹಿಂದಿರುಗಿದನು.

ಈ ಪತ್ರ ಇಂದು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಕೇವಲ ಪತ್ರವಷ್ಟೇ ಉಳಿದಿದ್ದರೆ ನಮಗೆ ಒಬ್ಬ ಪ್ರಸಿದ್ಧನ ವಿಚಿತ್ರವಾದ ಬೇಡಿಕೆ ಮಾತ್ರ ತಿಳಿಯುತ್ತಿತ್ತು. ಆದರೆ ಅದರೊಡನೆ ಇಡೀ ಕಡತ ಉಳಿದಿದೆ. ಭೇಟಿಗೆ ಅವಕಾಶ ಕೊಡಬೇಕೆಂದು ಅಧಿಕಾರಿ ಡ್ವೈಟ್ ಚೇಪಿನ್ ತನ್ನ ಮೇಲಧಿಕಾರಿ ಹಾಲ್ಡಮನ್ನನಿಗೆ ಬರೆದ ಟಿಪ್ಪಣಿಯಿದೆ. ಅಧ್ಯಕ್ಷರು ಸರ್ಕಾರದ ಹೊರಗಿನ ಯುವಜನರನ್ನು ಕಾಣಬೇಕೆಂದಿದ್ದರೆ ಈತನಿಂದಲೇ ಆರಂಭಿಸಬಹುದೆಂಬ ಅದರ ಸೂಚನೆಯ ಪಕ್ಕದಲ್ಲಿ, ಇದೇನು ತಮಾಷೆಯೇ ಎಂಬ ಅರ್ಥದ ಮಾತನ್ನು ಹಾಲ್ಡಮನ್ ಅಂಚಿನಲ್ಲಿ ಗೀಚಿದ್ದಾನೆ. ಆದರೂ ಸಮ್ಮತಿಯನ್ನು ಕೊಟ್ಟಿದ್ದಾನೆ. ಭೇಟಿಯಲ್ಲಿ ನಡೆದ ಸಂಭಾಷಣೆಯ ಬಗೆಗೆ ಅಲ್ಲಿ ಹಾಜರಿದ್ದ ಈಗಿಲ್ ಕ್ರೋಗ್ ಬರೆದಿಟ್ಟ ವರದಿಯಿದೆ. ಡಿಸೆಂಬರ್ ೩೧ರಂದು ನಿಕ್ಸನ್ ಕಳುಹಿಸಿದ ಕೃತಜ್ಞತಾ ಪತ್ರದ ಪ್ರತಿಯಿದೆ. ಛಾಯಾಚಿತ್ರಗಳಿವೆ. ಇವೆಲ್ಲವನ್ನೂ ಒಟ್ಟಿಗೆ ಓದಿದಾಗ ವಿಯಟ್ನಾಂ ಯುದ್ಧದ ಕಾಲದಲ್ಲಿ ಯುವಜನರ ವಿಶ್ವಾಸವನ್ನು ಕಳೆದುಕೊಂಡಿದ್ದ ಒಂದು ಸರ್ಕಾರ ಜನಪ್ರಿಯತೆಯನ್ನು ಹೇಗೆ ಎರವಲು ಪಡೆಯಲು ಯತ್ನಿಸಿತು, ಅದರ ಅಧಿಕಾರಿಗಳೇ ಆ ಯತ್ನವನ್ನು ಎಷ್ಟು ಸಂಶಯದಿಂದ ನೋಡಿದರು ಎಂಬುದು ಸ್ಪಷ್ಟವಾಗುತ್ತದೆ. ಬಹುಕಾಲ ಔಷಧಗಳ ಅತಿಯಾದ ಬಳಕೆಗೆ ಸಿಲುಕಿ ೧೯೭೭ರಲ್ಲಿ ತೀರಿಕೊಂಡವನೂ ಇದೇ ಪ್ರೆಸ್ಲಿ ಎಂಬುದನ್ನು ಬಲ್ಲ ಓದುಗನಿಗೆ ಆ ಪತ್ರ ಇನ್ನೊಂದು ಅರ್ಥವನ್ನೂ ಕೊಡುತ್ತದೆ.

ಗಮನಿಸತಕ್ಕ ಅಂಶವೇನೆಂದರೆ, ಈ ಕಡತದಲ್ಲಿ ಮಾರುಕಟ್ಟೆಯ ದೃಷ್ಟಿಯಿಂದ ಅತ್ಯಂತ ಬೆಲೆಯುಳ್ಳದ್ದು ಪ್ರೆಸ್ಲಿಯ ಪತ್ರ. ಚರಿತ್ರೆಯ ದೃಷ್ಟಿಯಿಂದ ಬಹುಶಃ ಹೆಚ್ಚು ಬೆಲೆಯುಳ್ಳದ್ದು ಹಾಲ್ಡಮನ್ನನ ಅಂಚಿನ ಗೀಚು. ಕಡತ ಒಡೆದು ಹರಾಜಿಗೆ ಹೋಗಿದ್ದರೆ ಮೊದಲನೆಯದು ಯಾವನೋ ಶ್ರೀಮಂತನ ಗೋಡೆಯ ಮೇಲೆ ಉಳಿಯುತ್ತಿತ್ತು, ಎರಡನೆಯದು ಕಸದ ಬುಟ್ಟಿಯನ್ನು ಸೇರುತ್ತಿತ್ತು. ಅದು ಹಾಗೆ ಒಡೆಯದೆ ಉಳಿದದ್ದು ಒಂದು ರಾಜಕೀಯ ಸಂಕಟದ ಫಲ. ೧೯೭೪ರ ಆಗಸ್ಟಿನಲ್ಲಿ ನಿಕ್ಸನ್ ರಾಜೀನಾಮೆ ಕೊಟ್ಟ ಮೇಲೆ ಆತನ ಕಾಗದಪತ್ರಗಳನ್ನು ಸರ್ಕಾರದ ವಶದಲ್ಲಿಡುವ ಕಾಯಿದೆಯನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಕಾಂಗ್ರೆಸ್ ಸಭೆ ಅಂಗೀಕರಿಸಿತು. ೧೯೭೭ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದುವರೆಗೂ ಅಧ್ಯಕ್ಷರ ಪತ್ರಗಳು ಅವರ ಸ್ವಂತ ಆಸ್ತಿಯೆಂಬ ಭಾವನೆ ರೂಢಿಯಲ್ಲಿತ್ತು. ೧೯೭೮ರ ಕಾಯಿದೆಯಂತೆ, ೧೯೮೧ರ ಜನವರಿ ೨೦ರಿಂದ ಅಧಿಕಾರಕ್ಕೆ ಬಂದ ಅಧ್ಯಕ್ಷರೆಲ್ಲರ ಅಧಿಕೃತ ದಾಖಲೆಗಳು ಸರ್ಕಾರದ ಸ್ವತ್ತಾದುವು.

ಸಹಿ ಯಾರದು?

ಸಂಗ್ರಾಹಕನು ಎದುರಿಸಬೇಕಾದ ಮೊದಲ ತೊಡಕು ಖೋಟಾ ಸಹಿಯಲ್ಲ, ಪ್ರಾಮಾಣಿಕವಾದ ಬದಲಿ ಸಹಿ. ಪ್ರಸಿದ್ಧ ವ್ಯಕ್ತಿಗೆ ದಿನವೂ ಬರುವ ರಾಶಿ ಟಪಾಲಿಗೆ ಆತನೇ ಸಹಿ ಮಾಡುವುದು ಸಾಧ್ಯವಿಲ್ಲ. ನಟಿ ಜೀನ್ ಹಾರ್ಲೋ ಅಭಿಮಾನಿಗಳಿಗೆ ಕಳುಹಿಸಿದ ಚಿತ್ರಗಳಲ್ಲಿ ಬಹುಪಾಲಿನ ಮೇಲೆ ಸಹಿ ಮಾಡಿದವಳು ಆಕೆಯ ತಾಯಿ. ರೊನಾಲ್ಡ್ ರೇಗನ್ ಹಾಲಿವುಡ್ಡಿನ ನಟನಾಗಿದ್ದಾಗ ಅಭಿಮಾನಿಗಳ ಪತ್ರಗಳಿಗೆ ಉತ್ತರಿಸುವ ಕೆಲಸವನ್ನು ಆತನ ತಾಯಿ ನೆಲ್ ರೇಗನ್ ವಹಿಸಿಕೊಂಡಿದ್ದಳು. ಆ ಕಾಲದ ಅನೇಕ ಪತ್ರಗಳ ಕೆಳಗಿನ ಮಗನ ಹೆಸರು ತಾಯಿಯ ಕೈಬರಹದ್ದು. ಅದೇ ರೇಗನ್ ನಟರ ಸಂಘದ ಅಧ್ಯಕ್ಷನಾಗಿ, ಕ್ಯಾಲಿಫೋರ್ನಿಯಾದ ಗವರ್ನರನಾಗಿ, ೧೯೮೧ರಿಂದ ೧೯೮೯ರವರೆಗೆ ರಾಷ್ಟ್ರಾಧ್ಯಕ್ಷನಾಗಿ, ಸ್ವಹಸ್ತದಿಂದಲೇ ಪತ್ರಗಳ ಕರಡನ್ನು ಬರೆಯುವ ರೂಢಿಯನ್ನು ಬಿಡಲಿಲ್ಲ. ಆತನ ಸಾವಿರಕ್ಕೂ ಹೆಚ್ಚು ಪತ್ರಗಳ ಸಂಕಲನ ೨೦೦೩ರಲ್ಲಿ ಪ್ರಕಟವಾದಾಗ, ಆತನನ್ನು ಬರೆದುಕೊಟ್ಟ ಮಾತನ್ನು ಓದುವ ನಟನೆಂದಷ್ಟೇ ತಿಳಿದಿದ್ದವರು ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು. ಒಬ್ಬನೇ ವ್ಯಕ್ತಿಯ ಜೀವನದಲ್ಲಿ ಸಹಿಯಿದ್ದೂ ತನ್ನದಲ್ಲದ ಪತ್ರಗಳ ಕಾಲವೊಂದು, ಬೆರಳಚ್ಚಾಗಿದ್ದೂ ಮಾತು ತನ್ನದೇ ಆದ ಪತ್ರಗಳ ಕಾಲ ಮತ್ತೊಂದು ಇರಬಹುದೆಂಬುದಕ್ಕೆ ಇದು ನಿದರ್ಶನ.

ಯಂತ್ರವೂ ಸಹಿ ಮಾಡುತ್ತದೆ. ಬರೆಯುವ ಕೈಯೊಡನೆ ಎರಡನೆಯ ಲೇಖನಿಯನ್ನೂ ನಡೆಸಿ ಪ್ರತಿಯನ್ನು ತೆಗೆಯುವ ಉಪಕರಣವನ್ನು ಅಧ್ಯಕ್ಷ ಥಾಮಸ್ ಜೆಫರ್‌ಸನ್ ೧೮೦೪ರಿಂದಲೇ ಬಳಸುತ್ತಿದ್ದನು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಆಟೋಪೆನ್ ಎಂಬ ಯಂತ್ರ ವ್ಯಾಪಾರಕ್ಕೆ ಬಂದಿತು. ಸಹಿಯ ಮಾದರಿಯನ್ನು ಒಂದು ಅಚ್ಚಿನಲ್ಲಿ ಕೊರೆದಿಟ್ಟು, ನಿಜವಾದ ಲೇಖನಿಯಿಂದ, ನಿಜವಾದ ಶಾಯಿಯಿಂದ, ಅದೇ ಸಹಿಯನ್ನು ಎಷ್ಟು ಬಾರಿ ಬೇಕಾದರೂ ಬರೆಯುವ ಸಾಧನವದು. ಅಧ್ಯಕ್ಷ ಜಾನ್ ಕೆನಡಿಯ ಕಚೇರಿ ಇದನ್ನು ಎಷ್ಟು ಧಾರಾಳವಾಗಿ ಬಳಸಿತೆಂದರೆ, ಹಸ್ತಾಕ್ಷರ ವ್ಯಾಪಾರಿ ಚಾರ್ಲ್ಸ್ ಹ್ಯಾಮಿಲ್ಟನ್ ೧೯೬೫ರಲ್ಲಿ ಆ ವಿಷಯಕ್ಕೇ ಒಂದು ಪುಸ್ತಕವನ್ನು ಮೀಸಲಿಟ್ಟನು.

ಯಂತ್ರದ ಸಹಿಯನ್ನು ಕಂಡುಹಿಡಿಯುವ ಬಗೆ ಸ್ವಾರಸ್ಯವಾಗಿದೆ. ಮನುಷ್ಯನ ಕೈ ಎರಡು ಬಾರಿ ಒಂದೇ ರೀತಿಯಾಗಿ ಸಹಿ ಮಾಡಲಾರದು. ಎರಡು ಸಹಿಗಳನ್ನು ಬೆಳಕಿನೆದುರು ಒಂದರ ಮೇಲೊಂದಿಟ್ಟಾಗ ಗೆರೆಗೆ ಗೆರೆ ಕೂಡಿಕೊಂಡರೆ, ಅವೆರಡೂ ಯಂತ್ರದಿಂದಲೋ ಅಚ್ಚಿನಿಂದಲೋ ಬಂದವೆಂದು ತಿಳಿಯಬೇಕು. ಅತ್ಯಂತ ನಿಖರವಾದ ಹೋಲಿಕೆಯೇ ಇಲ್ಲಿ ಸಂಶಯಕ್ಕೆ ಕಾರಣ. ಯಂತ್ರದ ರೇಖೆ ಆದಿಯಿಂದ ಅಂತ್ಯದವರೆಗೆ ಒಂದೇ ಒತ್ತಡದಲ್ಲಿ ಹರಿಯುತ್ತದೆ. ಆರಂಭದಲ್ಲಿಯೂ ಕೊನೆಯಲ್ಲಿಯೂ ಲೇಖನಿ ನಿಂತ ಗುರುತಾಗಿ ಅನೇಕ ವೇಳೆ ಚುಕ್ಕೆ ಮೂಡುತ್ತದೆ. ಇಷ್ಟಾದರೂ ಇಂಥ ಪತ್ರಗಳನ್ನು ಎಸೆಯತಕ್ಕದ್ದಲ್ಲ. ಸಂಗ್ರಾಹಕನಿಗೆ ಅದು ನಿರಾಶೆ. ಚರಿತ್ರಕಾರನಿಗೆ ಒಂದು ಕಚೇರಿ ಹೇಗೆ ನಡೆಯುತ್ತಿತ್ತೆಂಬುದರ ಪುರಾವೆ.

ಒಂದು ಕೂಟಪತ್ರದ ಕಥೆ

ಬದಲಿ ಸಹಿಯಿಂದ ಉದ್ದೇಶಪೂರ್ವಕವಾದ ವಂಚನೆಗೆ ಬರೋಣ. ೧೯೯೦ರ ದಶಕದಲ್ಲಿ ನ್ಯೂಯಾರ್ಕಿನ ದಿವಂಗತ ವಕೀಲರೊಬ್ಬರ ಮಗನು, ತನ್ನ ತಂದೆಯ ಕಡತಗಳಲ್ಲಿ ದೊರೆತವೆಂದು ಹೇಳಿ, ಜಾನ್ ಕೆನಡಿಯ ಕೈಬರಹದ ಮತ್ತು ಸಹಿಯ ನೂರಾರು ಕಾಗದಗಳನ್ನು ಹೊರತಂದನು. ಅವುಗಳಲ್ಲಿ ಅತ್ಯಂತ ಕುತೂಹಲವನ್ನು ಕೆರಳಿಸಿದುವು ಕೆನಡಿಗೂ ನಟಿ ಮರ್ಲಿನ್ ಮನ್ರೋಗೂ ಸಂಬಂಧಿಸಿದುವು. ಅವಳು ಮೌನವಾಗಿರುವುದಕ್ಕೆ ಪ್ರತಿಯಾಗಿ ಅವಳ ತಾಯಿಯ ಹೆಸರಿನಲ್ಲಿ ಹಣವಿಡುವ ಒಪ್ಪಂದವೊಂದು ಅದರಲ್ಲಿತ್ತು. ನೂರಕ್ಕೂ ಹೆಚ್ಚು ಜನ ಈ ಕಾಗದಗಳಿಗಾಗಿ ಸುಮಾರು ೭೦ ಲಕ್ಷ ಡಾಲರುಗಳನ್ನು ಕೊಟ್ಟರು. ಕೈಬರಹದ ಪರಿಣತರಲ್ಲಿಯೂ ಕೆಲವರು ಇವು ನಿಜವೆಂದರು. ಹೆಸರಾಂತ ಪತ್ರಕರ್ತ ಸೀಮೋರ್ ಹರ್ಷ್ ತಾನು ಬರೆಯುತ್ತಿದ್ದ ಕೆನಡಿ ವಿಷಯಕ ಗ್ರಂಥಕ್ಕೆ ಇವನ್ನು ಆಧಾರವಾಗಿಟ್ಟುಕೊಂಡನು.

ಈ ಕಟ್ಟಡವನ್ನು ಕೆಡವಿದ್ದು ಸಹಿಯ ಪರೀಕ್ಷೆ ಮಾತ್ರವಲ್ಲ, ಮೇಲುವಿಳಾಸ. ೧೯೬೧–೬೨ರ ಕಾಲದ್ದೆನ್ನಲಾದ ಕಾಗದವೊಂದರಲ್ಲಿ ಊರಿನ ಹೆಸರಿನ ಮುಂದೆ ಐದಂಕಿಯ ಅಂಚೆ ಸೂಚಿಯಿದ್ದಿತು. ಆ ಸೂಚಿ ಅಮೆರಿಕದಲ್ಲಿ ಜಾರಿಗೆ ಬಂದದ್ದು ೧೯೬೩ರ ಜುಲೈ ೧ರಂದು. ಮನ್ರೋ ತೀರಿಕೊಂಡದ್ದು ೧೯೬೨ರ ಆಗಸ್ಟಿನಲ್ಲಿ. ಬೆರಳಚ್ಚಿನಲ್ಲಿ ತಪ್ಪಿದ ಅಕ್ಷರಗಳನ್ನು ಕಾಗದದಿಂದ ಮೇಲೆತ್ತಿ ತೆಗೆದ ಗುರುತುಗಳೂ ಕಂಡುಬಂದುವು; ಹಾಗೆ ತಿದ್ದುವ ಪಟ್ಟಿಯುಳ್ಳ ಯಂತ್ರಗಳು ೧೯೭೦ರ ದಶಕಕ್ಕೆ ಮುಂಚೆ ಇರಲಿಲ್ಲ. ೧೯೯೭ರ ಸೆಪ್ಟೆಂಬರಿನಲ್ಲಿ ದೂರದರ್ಶನ ಕಾರ್ಯಕ್ರಮವೊಂದು ಇದನ್ನು ಬಯಲಿಗೆ ತಂದಿತು. ಹರ್ಷ್ ತನ್ನ ಗ್ರಂಥ ಹೊರಬರುವ ಮೊದಲೇ ಆ ಭಾಗವನ್ನು ಕೈಬಿಟ್ಟನು. ೧೯೯೯ರಲ್ಲಿ ನ್ಯಾಯಾಲಯ ವಕೀಲರ ಮಗನನ್ನು ಅಪರಾಧಿಯೆಂದು ತೀರ್ಮಾನಿಸಿತು.

ಕನ್ನಡ ನಾಡಿನ ಇತಿಹಾಸವನ್ನು ಓದಿದವರಿಗೆ ಈ ಬಗೆಯ ಪರೀಕ್ಷೆ ಹೊಸತಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟರು ವಾದಿಸಿದಾಗ, ಬಿ. ಎಲ್. ರೈಸರು ಅದಕ್ಕೆ ಪ್ರತಿವಾದ ಹೂಡಿದಾಗ, ಚರ್ಚೆಯ ವಿಷಯ ಇದೇ ಆಗಿದ್ದಿತು. ಹೇಳಿರುವ ತಿಥಿಗೂ ವಾರಕ್ಕೂ ಹೊಂದಿಕೆಯಿದೆಯೆ? ಲಿಪಿ ಹೇಳಿದ ಶತಮಾನದ್ದೆ, ಅನಂತರದ್ದೆ? ಆ ಕಾಲದಲ್ಲಿ ಆ ಊರಿಗೆ ಆ ಹೆಸರಿದ್ದಿತೆ? ರಾಜನ ಬಿರುದನ್ನು ಕೂಟಕಾರನು ಎಚ್ಚರದಿಂದ ನಕಲು ಮಾಡುತ್ತಾನೆ, ಏಕೆಂದರೆ ಎಲ್ಲರ ಕಣ್ಣೂ ಅಲ್ಲಿರುವುದೆಂದು ಅವನು ಬಲ್ಲನು. ಅವನು ಎಡವುವುದು ಯಾರೂ ನೋಡಲಾರರೆಂದು ಅವನೆಣಿಸಿದ ಎಡೆಯಲ್ಲಿ. ತಾಮ್ರಪಟದಲ್ಲಿ ಅದು ತಿಥಿವಾರ. ಪತ್ರದಲ್ಲಿ ಅದು ಅಂಚೆ ಸೂಚಿ.

ಇದೇ ಇಬ್ಬರ ಲೋಕಕ್ಕೆ ಸೇರಿದ ಒಂದು ನಿಜವಾದ ದಾಖಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ೧೯೬೨ರ ಜೂನ್ ೧೩ರಂದು ಮನ್ರೋ, ಅಧ್ಯಕ್ಷನ ತಮ್ಮನೂ ಅಟಾರ್ನಿ ಜನರಲ್ಲನೂ ಆಗಿದ್ದ ರಾಬರ್ಟ್ ಕೆನಡಿಯ ಔತಣಕ್ಕೆ ತಾನು ಬರಲಾಗುವುದಿಲ್ಲವೆಂದು ಒಂದು ತಂತಿಯನ್ನು ಕಳುಹಿಸಿದಳು. ಕರಿಯ ಜನರ ಹಕ್ಕುಗಳಿಗಾಗಿ ಆಗ ನಡೆದಿದ್ದ ಸ್ವಾತಂತ್ರ್ಯ ಯಾತ್ರೆಗಳನ್ನು ಶ್ಲೇಷೆಯಿಂದ ನೆನೆದು, ತಾನೂ ತಾರೆಯರ ಹಕ್ಕಿಗಾಗಿ ಅಂಥದೊಂದು ಯಾತ್ರೆಯಲ್ಲಿ ತೊಡಗಿರುವುದಾಗಿ ಅದರಲ್ಲಿ ಹೇಳಿದ್ದಾಳೆ. ಅದಕ್ಕೆ ಕೆಲವೇ ದಿನ ಮೊದಲು ಚಿತ್ರಸಂಸ್ಥೆ ಆಕೆಯನ್ನು ಕೆಲಸದಿಂದ ತೆಗೆದಿತ್ತೆಂಬುದು ತಿಳಿದಿದ್ದರೆ ಆ ವಿನೋದದ ಒಳಗಿನ ನೋವು ಕಾಣುತ್ತದೆ. ತಂತಿಯಾದುದರಿಂದ ಅದರಲ್ಲಿ ಸಹಿಯಿಲ್ಲ. ಹಸ್ತಾಕ್ಷರ ಸಂಗ್ರಾಹಕನ ಪುಸ್ತಕದಲ್ಲಿ ಅದಕ್ಕೆ ಸ್ಥಳವಿಲ್ಲ. ಸಹಿಯುಳ್ಳ ನೂರಾರು ಕಾಗದಗಳು ಸುಳ್ಳಾದುವು. ಸಹಿಯಿಲ್ಲದ ಒಂದು ಕಾಗದ ಸತ್ಯವಾಗಿ ಉಳಿಯಿತು.

ನಮ್ಮ ದೇಶದ ಸಂದರ್ಭ

ಭಾರತದಲ್ಲಿ ಸಹಿಗೆ ಬೆಲೆ ಕಟ್ಟಿದವರಲ್ಲಿ ಗಾಂಧೀಜಿಯವರನ್ನು ಮೊದಲು ನೆನೆಯಬೇಕು. ತಮ್ಮ ಹಸ್ತಾಕ್ಷರಕ್ಕೆ ಐದು ರೂಪಾಯಿಯನ್ನು ಪಡೆದು ಅದನ್ನು ಹರಿಜನ ನಿಧಿಗೆ ಸೇರಿಸುತ್ತಿದ್ದರು. ಚಿತ್ರರಂಗದ ವಿಷಯದಲ್ಲಿ ಅವರಿಗೆ ಆದರವಿರಲಿಲ್ಲ. ೧೯೨೭–೨೮ರ ಚಲನಚಿತ್ರ ವಿಚಾರಣಾ ಸಮಿತಿ ಕಳುಹಿಸಿದ ಪ್ರಶ್ನಾವಳಿಗೆ, ತಾವು ಎಂದೂ ಚಲನಚಿತ್ರವನ್ನು ನೋಡಿದವರಲ್ಲವೆಂಬ ಉತ್ತರವನ್ನು ಕೊಟ್ಟರು. ಸ್ವಾತಂತ್ರ್ಯಾನಂತರ ಸ್ಥಿತಿ ಬದಲಾಯಿತು. ನಟ ಪೃಥ್ವಿರಾಜ್ ಕಪೂರರು ೧೯೫೨ರಲ್ಲಿ, ನಟಿ ನರ್ಗಿಸರು ೧೯೮೦ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ೧೯೫೫ರಲ್ಲಿ ಸಂಗೀತ ನಾಟಕ ಅಕಾಡೆಮಿ ದೆಹಲಿಯಲ್ಲಿ ನಡೆಸಿದ ಚಲನಚಿತ್ರ ವಿಚಾರಗೋಷ್ಠಿಯನ್ನು ಪ್ರಧಾನಮಂತ್ರಿ ನೆಹರೂ ಉದ್ಘಾಟಿಸಿದರು. ಅದನ್ನು ಸಂಘಟಿಸುವ ಹೊಣೆ ನಟಿ ದೇವಿಕಾರಾಣಿಯವರದಾಗಿದ್ದಿತು.

ದಕ್ಷಿಣದಲ್ಲಿ ಸಮಸ್ಯೆ ಇನ್ನೂ ಜಟಿಲವಾಗುತ್ತದೆ. ಇಲ್ಲಿ ರಾಜಕಾರಣಿ ಮತ್ತು ನಟ ಪತ್ರದ ಎರಡು ತುದಿಗಳಲ್ಲಿರದೆ ಒಬ್ಬನೇ ಆಗಿರುವುದುಂಟು. ಎಂ. ಜಿ. ರಾಮಚಂದ್ರನ್ ೧೯೭೭ರಲ್ಲಿ, ಎನ್. ಟಿ. ರಾಮರಾವ್ ೧೯೮೩ರಲ್ಲಿ ಮುಖ್ಯಮಂತ್ರಿಗಳಾದರು. ನಮ್ಮಲ್ಲಿ ಅಂಬರೀಷರು ಕೇಂದ್ರದಲ್ಲಿಯೂ ರಾಜ್ಯದಲ್ಲಿಯೂ ಮಂತ್ರಿಗಳಾಗಿದ್ದರು. ಇಂಥವರ ಪತ್ರವನ್ನು ಅರ್ಥಮಾಡಬೇಕಾದರೆ ಅದು ಯಾವ ಶಿರೋನಾಮೆಯ ಕಾಗದದ ಮೇಲಿದೆ ಎಂಬುದನ್ನು ನೋಡಬೇಕು. ಮನೆಯ ಕಾಗದವೆ, ಚಿತ್ರಸಂಸ್ಥೆಯದೆ, ಪಕ್ಷದ್ದೆ, ಸರ್ಕಾರದ್ದೆ? ಕೆಳಗಿನ ಸಹಿ ಒಂದೇ. ಮಾತನಾಡುತ್ತಿರುವ ವ್ಯಕ್ತಿ ಬೇರೆ. ಇನ್ನು ರಾಜಕೀಯಕ್ಕೆ ಕಾಲಿಡದೆಯೇ ರಾಜಕೀಯವನ್ನು ಅಲುಗಿಸಿದವರೂ ಉಂಟು. ೧೯೮೨ರ ಗೋಕಾಕ್ ಚಳವಳಿಗೆ ಡಾ॥ ರಾಜಕುಮಾರರು ನೇತೃತ್ವ ವಹಿಸಿದಾಗ ಅದರ ಸ್ವರೂಪವೇ ಬದಲಾಯಿತು. ಆ ಚಳವಳಿಯ ಚರಿತ್ರೆಯನ್ನು ಪೂರ್ಣವಾಗಿ ಬರೆಯುವವನಿಗೆ ವೃತ್ತಪತ್ರಿಕೆಗಳು ಸಾಲವು. ಆಗಿನ ಮನವಿಗಳು, ಆಹ್ವಾನಗಳು, ಉತ್ತರಗಳು ಬೇಕಾಗುತ್ತವೆ. ಅವು ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿರಬಹುದು.

ನಮ್ಮ ಪತ್ರಗಳ ಕಾಲನಿರ್ಣಯಕ್ಕೆ ಅಮೆರಿಕದ ಅಂಚೆ ಸೂಚಿಯಂಥ ಕೆಲವು ಸಾಧನಗಳು ನಮ್ಮಲ್ಲಿಯೂ ಇವೆ. ಆರಂಕಿಯ ಪಿನ್ ಸೂಚಿ ಜಾರಿಗೆ ಬಂದದ್ದು ೧೯೭೨ರ ಆಗಸ್ಟ್ ೧೫ರಂದು. ಅದಕ್ಕೆ ಹಿಂದಿನ ತಾರೀಖಿನ ಶಿರೋನಾಮೆಯಲ್ಲಿ ಅದು ಅಚ್ಚಾಗಿದ್ದರೆ ಸಂಶಯಪಡಬೇಕು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದದ್ದು ೧೯೭೩ರ ನವೆಂಬರ್ ೧ರಂದು. ಕರ್ನಾಟಕವೆಂಬ ಮಾತು ಸಂಘಸಂಸ್ಥೆಗಳ ಹೆಸರುಗಳಲ್ಲಿ ಮೊದಲಿನಿಂದಲೂ ಇದ್ದರೂ ‘ಕರ್ನಾಟಕ ಸರ್ಕಾರ’ ಎಂಬ ಶಿರೋನಾಮೆ ೧೯೬೮ರಲ್ಲಿ ಇರಲಾರದು. ಮದರಾಸು ರಾಜ್ಯ ತಮಿಳುನಾಡಾದದ್ದು ೧೯೬೯ರ ಜನವರಿಯಲ್ಲಿ. ಆಣೆಯ ಲೆಕ್ಕ ಹೋಗಿ ನಯಾಪೈಸೆ ಬಂದದ್ದು ೧೯೫೭ರ ಏಪ್ರಿಲ್ ೧ರಿಂದ. ಲಕೋಟೆಯ ಅಂಚೆಚೀಟಿ ಅದಕ್ಕೆ ಸಾಕ್ಷಿ. ಬಾಲ್‌ಪಾಯಿಂಟ್ ಲೇಖನಿ ಅಮೆರಿಕದ ಅಂಗಡಿಗಳಿಗೆ ಬಂದದ್ದೇ ೧೯೪೫ರ ಕೊನೆಯಲ್ಲಿ. ೧೯೪೦ರ ಭಾರತೀಯ ಪತ್ರದ ಮೇಲೆ ಅದರ ಸಹಿ ಕಂಡರೆ ಮುಂದೆ ಓದುವ ಅಗತ್ಯವೇ ಇಲ್ಲ. ಇವುಗಳಲ್ಲಿ ಯಾವುದೂ ಸಹಿಯೊಳಗಿಲ್ಲ. ಸಹಿಯನ್ನು ಕತ್ತರಿಸಿಕೊಂಡವನು ತನ್ನ ಸಹಿ ನಿಜವೆಂದು ತೋರಿಸುವ ಆಧಾರವನ್ನು ತಾನೇ ಕತ್ತರಿಸಿ ಎಸೆದಂತಾಯಿತು.

ಒಡೆತನದ ಪ್ರಶ್ನೆ

ಪತ್ರ ಯಾರದು ಎಂಬ ಪ್ರಶ್ನೆಗೆ ನ್ಯಾಯಶಾಸ್ತ್ರ ಎರಡು ಉತ್ತರಗಳನ್ನು ಕೊಡುತ್ತದೆ. ಕವಿ ಅಲೆಕ್ಸಾಂಡರ್ ಪೋಪ್ ತನ್ನ ಪತ್ರಗಳನ್ನು ಅನುಮತಿಯಿಲ್ಲದೆ ಅಚ್ಚುಮಾಡಿದ ಪುಸ್ತಕ ವ್ಯಾಪಾರಿಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ನ್ಯಾಯಾಲಯ ೧೭೪೧ರಲ್ಲಿಯೇ ಈ ಭೇದವನ್ನು ಮಾಡಿತು. ಕಾಗದ ಪಡೆದವನದು, ಅದರ ಮೇಲಿನ ಮಾತು ಬರೆದವನದು. ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ಬರೆದವರು ತೀರಿಕೊಂಡ ಮೇಲೆ ಪತ್ರ ಮೊದಲಬಾರಿಗೆ ಪ್ರಕಟವಾದರೆ, ಆ ಪ್ರಕಟಣೆಯಿಂದ ೬೦ ವರ್ಷಗಳವರೆಗೆ ಹಕ್ಕು ಅವರ ವಾರಸುದಾರರಿಗಿರುತ್ತದೆ. ಪತ್ರವನ್ನು ಕೊಂಡ ಸಂಗ್ರಾಹಕನು ಅದನ್ನು ಇಟ್ಟುಕೊಳ್ಳಬಹುದು, ಮಾರಬಹುದು; ಪ್ರಕಟಿಸಬೇಕಾದರೆ ಅನುಮತಿ ಬೇಕು.

ಮಂತ್ರಿಯೊಬ್ಬರು ಅಧಿಕಾರದ ಕಾರ್ಯದಲ್ಲಿ ಬರೆದ ಅಥವಾ ಪಡೆದ ಪತ್ರ ಅವರ ಸ್ವಂತದ್ದಲ್ಲ, ಕಚೇರಿಯ ಕಡತಕ್ಕೆ ಸೇರಿದ್ದು. ಕೇಂದ್ರ ಸರ್ಕಾರದ ದಾಖಲೆಗಳಿಗೆ ೧೯೯೩ರ ಸಾರ್ವಜನಿಕ ದಾಖಲೆಗಳ ಕಾಯಿದೆ ರಕ್ಷಣೆಯನ್ನು ಕೊಟ್ಟಿದೆ. ೧೯೭೨ರ ಪ್ರಾಚ್ಯವಸ್ತು ಕಾಯಿದೆಯಂತೆ, ಐತಿಹಾಸಿಕ ಅಥವಾ ಸಾಹಿತ್ಯಿಕ ಮಹತ್ತ್ವವುಳ್ಳ ಹಸ್ತಪ್ರತಿ ಮತ್ತು ದಾಖಲೆಗಳು ೭೫ ವರ್ಷ ದಾಟಿದರೆ ಪ್ರಾಚ್ಯವಸ್ತುಗಳೆನಿಸುತ್ತವೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಸ್ವಾತಂತ್ರ್ಯದ ಕಾಲದ ಪತ್ರಗಳು ಈಗ ಈ ಮಿತಿಯನ್ನು ದಾಟಿರುವುದನ್ನು ಸಂಗ್ರಾಹಕರು ಗಮನಿಸುವುದು ಒಳ್ಳೆಯದು.

ಕಾಯಿದೆ ಮಾಡಲಾಗದ ಕೆಲಸವೂ ಒಂದುಂಟು. ದೇವಿಕಾರಾಣಿಯವರು ೧೯೪೫ರಲ್ಲಿ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್‌ರನ್ನು ವಿವಾಹವಾದ ಬಳಿಕ ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ನೆಲೆಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದವರು ಅವರು. ಪತಿ ಚಿತ್ರಿಸಿದ ನೆಹರೂ ಅವರ ಭಾವಚಿತ್ರ ಸಂಸತ್ತಿನ ಹಳೆಯ ಕಟ್ಟಡದ ಕೇಂದ್ರ ಸಭಾಂಗಣಕ್ಕೆ ಸೇರಿತು. ಒಂದು ಕಡೆ ಚಿತ್ರರಂಗ, ಒಂದು ಕಡೆ ಕಲೆ, ಒಂದು ಕಡೆ ದೆಹಲಿಯ ರಾಜಕೀಯ ಇವು ಕೂಡಿದ ಮನೆತನವದು. ರೋರಿಕ್ ೧೯೯೩ರಲ್ಲಿ, ದೇವಿಕಾರಾಣಿ ೧೯೯೪ರ ಮಾರ್ಚಿನಲ್ಲಿ ತೀರಿಕೊಂಡರು, ಮಕ್ಕಳಿರಲಿಲ್ಲ. ಎಸ್ಟೇಟನ್ನು ರಾಜ್ಯ ಸರ್ಕಾರ ೧೯೯೬ರ ಕಾಯಿದೆಯಿಂದ ವಶ ಮಾಡಿಕೊಂಡಿತು. ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ೨೦೧೧ರ ಆಗಸ್ಟಿನಲ್ಲಿ ಸರ್ಕಾರದ ಪರವಾಗಿ ಮುಗಿಯಿತು. ಇಂಥ ವ್ಯಾಜ್ಯಗಳಲ್ಲಿ ಎಕರೆಗಳಿಗೆ ಲೆಕ್ಕವಿರುತ್ತದೆ, ವರ್ಣಚಿತ್ರಗಳಿಗೆ ಪಟ್ಟಿಯಿರುತ್ತದೆ. ಮೇಜಿನ ಸೆಳೆಖಾನೆಯಲ್ಲಿರುವ ಪತ್ರಗಳನ್ನು ಎಣಿಸಿಡುವವರು ಅಪರೂಪ. ಮನೆಯೊಡೆಯರು ಬದುಕಿರುವಾಗಲೇ ಪಟ್ಟಿ ಮಾಡಿಡದಿದ್ದರೆ ಅವು ಇದ್ದುವೆಂಬುದಕ್ಕೂ ಸಾಕ್ಷಿ ಉಳಿಯುವುದಿಲ್ಲ.

ಸಂಗ್ರಾಹಕರಲ್ಲಿ ವಿಜ್ಞಾಪನೆ

ಮೇಲಿನ ವಿವೇಚನೆಯಿಂದ ಹುಟ್ಟುವ ನಿಯಮಗಳು ಕೆಲವೇ ಇವೆ, ಸುಲಭವೂ ಆಗಿವೆ. ಪತ್ರವನ್ನು ಎಂದಿಗೂ ಕತ್ತರಿಸಬಾರದು. ಲಕೋಟೆಯನ್ನು ಪತ್ರದೊಡನೆಯೇ ಇಡಬೇಕು. ಅಂಚೆ ಮುದ್ರೆಯ ತಾರೀಖು ಪತ್ರದ ತಾರೀಖಿಗೆ ಸಾಕ್ಷಿ. ಉತ್ತರದ ಕಾರ್ಬನ್ ಪ್ರತಿ, ಜೊತೆಗಿದ್ದ ಆಹ್ವಾನಪತ್ರ, ಚೀಟಿ ಇವುಗಳನ್ನು ಬೇರೆ ಮಾಡಬಾರದು. ಎಲ್ಲಿ, ಯಾರಿಂದ, ಯಾವಾಗ ದೊರೆಯಿತೆಂಬುದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದಿಡಬೇಕು. ಪತ್ರದ ಮೇಲೆ ಏನನ್ನೂ ಬರೆಯಬಾರದು. ಅಂಟುಪಟ್ಟಿ, ಗೋಂದು, ಪ್ಲಾಸ್ಟಿಕ್ ಹೊದಿಕೆಯ ಲ್ಯಾಮಿನೇಷನ್ ಇವು ಕಾಗದಕ್ಕೆ ಶತ್ರುಗಳು. ಗುಂಡುಸೂಜಿಯ ತುಕ್ಕೂ ಹಾಗೆಯೇ. ಆಮ್ಲರಹಿತವಾದ ಕಾಗದದ ಮಡಿಕೆಯಲ್ಲಿ, ಬಿಸಿಲೂ ತೇವವೂ ತಾಕದ ಕಡೆ, ಮಡಿಸದೆ ಚಪ್ಪಟೆಯಾಗಿ ಇಡಬೇಕು. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆರೆದು ಹುಳು ಬಿದ್ದಿದೆಯೇ ನೋಡಬೇಕು. ಕೊನೆಯದಾಗಿ, ಎರಡು ಮಗ್ಗುಲುಗಳ ಛಾಯಾಪ್ರತಿಯನ್ನು ತೆಗೆಸಿ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ಕೊಟ್ಟರೆ ಮೂಲ ಸಂಗ್ರಾಹಕನಲ್ಲಿಯೇ ಉಳಿದೂ ಸಮಾಚಾರ ಎಲ್ಲರದಾಗುತ್ತದೆ.

ಆರಂಭದಲ್ಲಿ ಹೇಳಿದ ಹಿರಿಯರ ಅನುಮತಿಯನ್ನು ಪಡೆದು ಮುಂದೊಂದು ದಿನ ಅವರ ಪುಸ್ತಕದ ಉಳಿದ ಚೂರುಗಳನ್ನೂ ಬೆಳಕಿಗೆ ಹಿಡಿದು ನೋಡಿದೆ. ಹಲವುಗಳ ಹಿಂಬದಿಯಲ್ಲಿ ಬರಹವಿದ್ದುದು ಮಸುಕಾಗಿ ಕಂಡಿತು, ಓದಲಾಗಲಿಲ್ಲ. ಅವರೂ ಕನ್ನಡಕವನ್ನು ಹಾಕಿಕೊಂಡು ಬಹಳ ಹೊತ್ತು ನೋಡಿದರು. ಈಚೆಗೆ ಅವರಿಗೆ ದೊರೆತ ಒಂದು ಪತ್ರವನ್ನು, ಲಕೋಟೆಯ ಸಮೇತ, ಇಡಿಯಾಗಿ ತೆಗೆದಿಟ್ಟಿದ್ದಾರೆ. ಅದರಲ್ಲಿರುವ ಸಹಿ ಅಷ್ಟೇನೂ ಪ್ರಸಿದ್ಧರದಲ್ಲ. ಸಮಾಚಾರ ಮಾತ್ರ ಪೂರ್ಣವಾಗಿದೆ.